ಸೋರಿಯಾಸಿಸ್ ಇರುವವರಲ್ಲಿ ಗಂಟುನೋವು: ಸೋರಿಯಾಟಿಕ್ ಆರ್ಥ್ರೈಟಿಸ್‌ನ ಮೊದಲ ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ಚರ್ಮದ ಮೇಲೆ ಹೊಟ್ಟು ಏಳುವ ಮಚ್ಚೆಗಳಾಗುವ ಸೋರಿಯಾಸಿಸ್ ಕಾಯಿಲೆ ನನಗೆ ಹೊಸದಲ್ಲ. ಕಾಲೇಜಿನ ದಿನಗಳಿಂದಲೂ ತಲೆಯ ಚರ್ಮದಲ್ಲಿ ಮತ್ತು ಮೊಣಕೈಗಳ ಮೇಲೆ ಇದ್ದು, ಮುಲಾಮು ಹಾಗೂ ಔಷಧಿಯುಕ್ತ ಶಾಂಪೂವಿನಿಂದಲೇ ಹತೋಟಿಯಲ್ಲಿದೆ. ಈಗ ನಾನು ಕೇಳಬೇಕಾಗಿರುವುದು ಚರ್ಮದ ವಿಷಯವಲ್ಲ. ಕೆಲವು ತಿಂಗಳುಗಳಿಂದ ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರುವಾಗ ಹಿಮ್ಮಡಿಯ ಹಿಂಭಾಗದಲ್ಲಿ ವಿಪರೀತ ನೋವು ಕಾಣಿಸಿಕೊಳ್ಳುತ್ತಿದ್ದು, ಸ್ವಲ್ಪ ಹೊತ್ತು ಓಡಾಡಿದ ಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಇದರ ನಡುವೆ ಕಾಲಿನ ಒಂದು ಬೆರಳು, ಪೆಟ್ಟೇನೂ ಬೀಳದಿದ್ದರೂ, ಊದಿಕೊಂಡಿದೆ.

ಹಿಮ್ಮಡಿಗೆಂದು ಒಬ್ಬ ವೈದ್ಯರು ಮೆತ್ತನೆಯ ಪಾದರಕ್ಷೆ ಹಾಕಿಕೊಳ್ಳಲು ಹೇಳಿದರು. ಬೆರಳಿಗೆಂದು ಇನ್ನೊಬ್ಬರು ಯೂರಿಕ್ ಆಮ್ಲದ ಪರೀಕ್ಷೆ ಬರೆದುಕೊಟ್ಟರು. ರುಮಟಾಯ್ಡ್ ಸಂಧಿವಾತಕ್ಕೆಂದು ಮಾಡುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿತು; ಉರಿಯೂತವನ್ನು ಅಳೆಯುವ ಸಿ.ಆರ್.ಪಿ. ಕೂಡ ಮಿತಿಯೊಳಗೇ ಇದೆ. ಹಾಗಾಗಿ ಸಂಧಿವಾತವೇನೂ ಇಲ್ಲ ಎಂಬ ಉತ್ತರ ದೊರೆಯಿತು. ಈ ಸಮಾಲೋಚನೆಗಳಲ್ಲಿ ಯಾರೂ ನನ್ನ ಚರ್ಮದ ಬಗ್ಗೆ ಕೇಳಲಿಲ್ಲ. ಸೋರಿಯಾಸಿಸ್ ಇದ್ದವರಿಗೆ ಕೀಲುಗಳಿಗೂ ಉರಿಯೂತ ಬರಬಹುದು ಎಂದು ಓದಿದ ಮೇಲೆ ಈ ಎರಡು ನೋವುಗಳಿಗೂ ಚರ್ಮಕ್ಕೂ ಸಂಬಂಧವಿರಬಹುದೇ ಎಂಬ ಅನುಮಾನ ಹುಟ್ಟಿದೆ. ಅನುಭವವಿರುವವರು ಮತ್ತು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯ ಸದಸ್ಯರು

ನಿಮ್ಮ ಅನುಮಾನ ಸರಿಯಾದ ದಿಕ್ಕಿನಲ್ಲೇ ಇದೆ. ನನಗೆ ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್‌ಗೆ ಸಂಬಂಧಿಸಿದ ಕೀಲುಗಳ ಉರಿಯೂತ, ಇದೆ ಎಂದು ಖಚಿತವಾಗಿ ವರ್ಷಗಳೇ ಆಗಿವೆ. ಆದ್ದರಿಂದ ರೋಗಿಯ ಕಡೆಯಿಂದ ಕಂಡದ್ದನ್ನು ಬರೆಯುತ್ತೇನೆ. ರೋಗನಿರ್ಣಯ ವೈದ್ಯರ ಕೆಲಸ.

ಮೊದಲು ಬೆರಳಿನ ಮಾತು. ಸಾಮಾನ್ಯ ಸಂಧಿವಾತದಲ್ಲಿ ಗಂಟು ಇರುವ ಜಾಗ ಮಾತ್ರ ಉಬ್ಬುತ್ತದೆ. ಈ ಕಾಯಿಲೆಯಲ್ಲಿ ಕೆಲವೊಮ್ಮೆ ಇಡೀ ಬೆರಳು, ಬುಡದಿಂದ ತುದಿಯವರೆಗೆ, ಒಂದೇ ದಪ್ಪಕ್ಕೆ ಊದಿಕೊಳ್ಳುತ್ತದೆ. ಗಂಟುಗಳ ಮೇಲಿನ ಚರ್ಮದ ಮಡಿಕೆಗಳು ಮಾಯವಾಗುತ್ತವೆ, ಚರ್ಮ ಬಿಗಿದು ಹೊಳೆಯುತ್ತದೆ, ಪಕ್ಕದ ಬೆರಳಿನ ಜೊತೆಗೆ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ, ಮಡಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಇದಕ್ಕೆ ಡ್ಯಾಕ್ಟಿಲೈಟಿಸ್ ಎನ್ನುತ್ತಾರೆ. ಗಂಟಿನ ಜೊತೆಗೆ ಬೆರಳನ್ನು ಮಡಿಸುವ ಸ್ನಾಯುರಜ್ಜುವಿನ ಪೊರೆ ಮತ್ತು ಸುತ್ತಲಿನ ಮೃದು ಭಾಗಗಳೂ ಉರಿಯೂತಕ್ಕೆ ಒಳಗಾಗುವುದರಿಂದ ಬೆರಳಿಗೆ ಆ ಆಕಾರ ಬರುತ್ತದೆ. ಕೈಗಿಂತ ಕಾಲಿನ ಬೆರಳುಗಳಲ್ಲಿ ಇದು ಹೆಚ್ಚು. ಕಾಲಿನ ಬೆರಳಾದ್ದರಿಂದ ಶೂ ಕಚ್ಚಿರಬೇಕು, ಎಲ್ಲೋ ಎಡವಿರಬೇಕು ಎಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಕೆಂಪು ಸ್ಪಷ್ಟವಾಗಿ ಕಾಣದಿರಬಹುದು. ಆದ್ದರಿಂದ ಬಣ್ಣವನ್ನು ನಂಬದೆ ದಪ್ಪ, ಬಿಸಿ ಮತ್ತು ನೋವನ್ನು ಗಮನಿಸಬೇಕು.

ಇನ್ನು ಹಿಮ್ಮಡಿ. ಸ್ನಾಯುರಜ್ಜು ಅಥವಾ ಅಸ್ಥಿಬಂಧ ಬಂದು ಮೂಳೆಗೆ ಅಂಟಿಕೊಳ್ಳುವ ಜಾಗವನ್ನು ಎಂಥೆಸಿಸ್ ಎನ್ನುತ್ತಾರೆ. ಸೋರಿಯಾಟಿಕ್ ಆರ್ಥ್ರೈಟಿಸ್‌ನಲ್ಲಿ ಉರಿಯೂತ ಎಷ್ಟೋ ಸಲ ಇಲ್ಲಿಂದಲೇ ಆರಂಭವಾಗುತ್ತದೆ ಎಂಬುದು ಸಂಶೋಧಕರಲ್ಲಿ ಅನೇಕರ ಅಭಿಪ್ರಾಯ. ಹಿಮ್ಮಡಿಯ ಹಿಂದೆ ಅಕಿಲಿಸ್ ರಜ್ಜು ಅಂಟುವ ಕಡೆ, ಪಾದದ ಅಡಿಯಲ್ಲಿ, ಮೊಣಕೈಯ ಹೊರಬದಿಯಲ್ಲಿ, ಮಂಡಿಚಿಪ್ಪಿನ ಅಂಚಿನಲ್ಲಿ ಒತ್ತಿದರೆ ನೋವಾಗುತ್ತದೆ. ಹೊರಗೆ ಊತ ಕಾಣದಿದ್ದರೂ ಒಳಗೆ ಉರಿಯೂತ ಇರಬಹುದು. ಈ ನೋವನ್ನು ರೋಗಿಯೂ ವೈದ್ಯರೂ ಸುಲಭವಾಗಿ ದಣಿವಿನ ಲೆಕ್ಕಕ್ಕೆ ಹಾಕಿಬಿಡುವುದು ಇದೇ ಕಾರಣಕ್ಕೆ.

ಒಂದು ಪ್ರಶ್ನೆ: ನಿಮ್ಮ ಉಗುರುಗಳು ಹೇಗಿವೆ?

ಚರ್ಚೆ ಆರಂಭಿಸಿದವರು

ಉಗುರಿನ ಬಗ್ಗೆ ಕೇಳಿದಿರಿ. ಕೈಯ ಎರಡು ಉಗುರುಗಳಲ್ಲಿ ಸಣ್ಣ ಗುಳಿಗಳಿವೆ. ಒಂದು ಉಗುರು ತುದಿಯಿಂದ ಮೇಲೆದ್ದು ಬೆಳ್ಳಗಾಗಿದೆ. ಶಿಲೀಂಧ್ರದ ಸೋಂಕು ಇರಬೇಕೆಂದು ಹಚ್ಚುವ ಔಷಧಿಯನ್ನು ಬಳಸುತ್ತಿದ್ದೇನೆ, ಆದರೆ ಗುಣ ಕಾಣುತ್ತಿಲ್ಲ. ಉಗುರಿಗೂ ಕೀಲಿಗೂ ಏನು ಸಂಬಂಧ?

ಚರ್ಮರೋಗ ವಿಭಾಗದ ವೈದ್ಯೆ

ಸಂಬಂಧವಿದೆ, ಅದೂ ಬಹಳ ಹತ್ತಿರದ್ದು. ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜು ಬೆರಳಿನ ಕೊನೆಯ ಗಂಟನ್ನು ದಾಟಿ ಮೂಳೆಗೆ ಅಂಟಿಕೊಳ್ಳುತ್ತದೆಯಷ್ಟೆ. ಅದರ ಎಳೆಗಳು ಅಲ್ಲಿಗೇ ನಿಲ್ಲದೆ ಮುಂದುವರಿದು ಉಗುರಿನ ಬುಡವನ್ನು ಆವರಿಸುತ್ತವೆ. ಹೀಗಾಗಿ ಉಗುರು ಒಂದು ರೀತಿಯಲ್ಲಿ ಆ ಕೊನೆಯ ಗಂಟಿನ ಭಾಗವೇ ಆಗಿದೆ. ಕೊನೆಯ ಗಂಟಿನಲ್ಲಿ ಉರಿಯೂತ ಇರುವವರ ಅದೇ ಬೆರಳಿನ ಉಗುರು ಕೆಟ್ಟಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಸೋರಿಯಾಟಿಕ್ ಆರ್ಥ್ರೈಟಿಸ್ ಇರುವವರಲ್ಲಿ ಹೆಚ್ಚಿನವರಿಗೆ ಉಗುರಿನ ಬದಲಾವಣೆ ಇರುತ್ತದೆ. ಚರ್ಮಕ್ಕೆ ಮಾತ್ರ ಸೀಮಿತವಾದ ಸೋರಿಯಾಸಿಸ್‌ನಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ.

ಉಗುರನ್ನು ಪರೀಕ್ಷಿಸಲು ಬಣ್ಣ ಹಚ್ಚಿದ್ದರೆ ತೆಗೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೂಜಿಯ ಮೊನೆಯಿಂದ ಚುಚ್ಚಿದಂತಹ ಗುಳಿಗಳು, ಉಗುರಿನಡಿಯಲ್ಲಿ ಎಣ್ಣೆಯ ಕಲೆಯ ಹಾಗೆ ಕಾಣುವ ಹಳದಿ ಅಥವಾ ಕಂದು ಮಚ್ಚೆ, ತುದಿಯಿಂದ ಉಗುರು ಬಿಟ್ಟುಕೊಳ್ಳುವುದು, ಅಡಿಯಲ್ಲಿ ದಪ್ಪನೆಯ ಹೊಟ್ಟು ತುಂಬಿಕೊಳ್ಳುವುದು ಸೋರಿಯಾಸಿಸ್‌ನ ಗುರುತುಗಳು. ಶಿಲೀಂಧ್ರದಿಂದಲೂ ಉಗುರು ದಪ್ಪವಾಗಿ ಮೇಲೇಳಬಹುದು, ಎರಡೂ ಒಟ್ಟಿಗೆ ಇರಲೂಬಹುದು. ಆದರೆ ಗುಳಿಗಳು ಶಿಲೀಂಧ್ರದ ಸ್ವಭಾವವಲ್ಲ. ಉಗುರಿನ ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ತಿಂಗಳುಗಟ್ಟಲೆ ಶಿಲೀಂಧ್ರದ ಔಷಧಿ ಹಚ್ಚುತ್ತಾ ಹೋಗುವುದು ಸರಿಯಲ್ಲ.

ಸೋರಿಯಾಸಿಸ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ, ಕೆಲವು ಅಧ್ಯಯನಗಳ ಪ್ರಕಾರ ಮೂವರಲ್ಲಿ ಒಬ್ಬರಿಗೆ, ಕೀಲುಗಳ ಕಾಯಿಲೆ ಬರುತ್ತದೆ. ಗಂಡಸರು, ಹೆಂಗಸರು ಎಂಬ ಭೇದವಿಲ್ಲ. 30ರಿಂದ 50 ವರ್ಷದ ನಡುವೆ ಹೆಚ್ಚಾಗಿ ಆರಂಭವಾಗುತ್ತದೆ. ಬಹುತೇಕರಲ್ಲಿ ಚರ್ಮದ ಕಾಯಿಲೆ ಮೊದಲು ಬಂದು, ಹತ್ತು ವರ್ಷಗಳ ಆಸುಪಾಸಿನಲ್ಲಿ ಕೀಲುಗಳ ತೊಂದರೆ ಕಾಣಿಸಿಕೊಳ್ಳುತ್ತದೆ. ಕೀಲುಗಳ ಕಾಯಿಲೆಯ ಬಗ್ಗೆ ಯಾವುದಾದರೂ ವಿಭಾಗ ಮೊದಲು ಎಚ್ಚರಿಸಬಲ್ಲದಾದರೆ ಅದು ಚರ್ಮರೋಗ ವಿಭಾಗ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ನಮ್ಮಲ್ಲಿಗೆ ಬಂದವರ ಚರ್ಮವನ್ನು ಮಾತ್ರ ನೋಡಿ ಕಳುಹಿಸಿದರೆ, ಆ ಹತ್ತು ವರ್ಷಗಳ ಅವಕಾಶವನ್ನು ಕೈಯಾರೆ ಕಳೆದಂತೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಸರಿಪಡಿಸುತ್ತೇನೆ. ಮೈತುಂಬ ಸೋರಿಯಾಸಿಸ್ ಇದ್ದರೆ ಮಾತ್ರ ಗಂಟುಗಳಿಗೆ ಅಪಾಯ ಎಂಬುದು ನಿಜವಲ್ಲ. ಕಾಯಿಲೆ ತೀವ್ರವಾಗಿದ್ದವರಲ್ಲಿ ಅಪಾಯ ಹೆಚ್ಚು ಹೌದು. ಆದರೆ ಮಚ್ಚೆಗಳು ಎಷ್ಟಿವೆ ಎನ್ನುವಷ್ಟೇ ಎಲ್ಲಿವೆ ಎನ್ನುವುದೂ ಮುಖ್ಯ. ತಲೆಯ ಚರ್ಮ, ಉಗುರು ಮತ್ತು ಪೃಷ್ಠಗಳ ನಡುವಿನ ಸೀಳು, ಈ ಮೂರು ಜಾಗಗಳಲ್ಲಿ ಸೋರಿಯಾಸಿಸ್ ಇರುವವರಿಗೆ ಕೀಲುಗಳ ಕಾಯಿಲೆ ಬರುವ ಸಂಭವ ಹೆಚ್ಚು. ಅಧಿಕ ತೂಕವೂ ಅಪಾಯವನ್ನು ಹೆಚ್ಚಿಸುತ್ತದೆ.

ಮತ್ತೊಬ್ಬ ಸದಸ್ಯರು

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ನನಗೂ ಸೋರಿಯಾಸಿಸ್ ಇದೆ, ಮಂಡಿನೋವೂ ಇದೆ. ಇಂತಹ ಬರಹಗಳನ್ನು ಓದಿ ಬಹಳ ಹೆದರಿದ್ದೆ. ತಪಾಸಣೆಯಲ್ಲಿ ಅದು ಮಂಡಿಯ ಸವೆತ ಎಂದು ಗೊತ್ತಾಯಿತು. ಹಿಮ್ಮಡಿಯ ಮೊದಲ ಹೆಜ್ಜೆಯ ನೋವು ಸೋರಿಯಾಸಿಸ್ ಇಲ್ಲದ ಅಸಂಖ್ಯಾತ ಜನರಿಗೂ ಬರುತ್ತದೆ. ಪ್ರತಿಯೊಂದು ನೋವಿಗೂ ಈ ಹೆಸರನ್ನು ಅಂಟಿಸಿದರೆ ಜನ ಸುಮ್ಮನೆ ಆತಂಕಕ್ಕೆ ಒಳಗಾಗುತ್ತಾರೆ.

ಹಳೆಯ ಸದಸ್ಯರು

ನಿಮ್ಮ ಮಾತನ್ನು ಒಪ್ಪುತ್ತೇನೆ. ಹಿಮ್ಮಡಿನೋವು ಒಂದನ್ನೇ ಹಿಡಿದುಕೊಂಡು ಯಾವ ತೀರ್ಮಾನಕ್ಕೂ ಬರಲಾಗದು. ಆದರೆ ಹಿಮ್ಮಡಿನೋವು, ಕಾರಣವಿಲ್ಲದೆ ಊದಿದ ಬೆರಳು, ಗುಳಿಬಿದ್ದ ಉಗುರು ಮತ್ತು ತಲೆಯ ಸೋರಿಯಾಸಿಸ್ ಒಬ್ಬರಲ್ಲೇ ಸೇರಿದಾಗ ಅವನ್ನು ನಾಲ್ಕು ಬೇರೆ ಬೇರೆ ತೊಂದರೆಗಳೆಂದು ನೋಡುವುದು ಕಷ್ಟ. ಹಿಮ್ಮಡಿಗೆ ಒಬ್ಬರು, ಉಗುರಿಗೆ ಒಬ್ಬರು, ಬೆನ್ನಿಗೆ ಒಬ್ಬರು ಎಂದು ವೈದ್ಯರು ಹಂಚಿಹೋದಾಗ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವವರೇ ಇರುವುದಿಲ್ಲ. ಆ ಕೆಲಸವನ್ನು ರೋಗಿಯೇ ಆರಂಭಿಸಬೇಕಾಗುತ್ತದೆ ಎನ್ನುವುದೇ ನನ್ನ ವಾದದ ತಿರುಳು.

ಫಿಸಿಯೋಥೆರಪಿ ಕ್ಷೇತ್ರದ ಸದಸ್ಯರು

ಸವೆತದ ನೋವನ್ನೂ ಉರಿಯೂತದ ನೋವನ್ನೂ ಬೇರ್ಪಡಿಸಲು ನಾನು ಮೊದಲು ಕೇಳುವುದು ನೋವಿನ ಹೊತ್ತನ್ನು. ಸವೆತದ ಕೀಲು ದುಡಿದಷ್ಟೂ ನೋಯುತ್ತದೆ, ವಿಶ್ರಾಂತಿ ಕೊಟ್ಟರೆ ತಣಿಯುತ್ತದೆ. ಬೆಳಗಿನ ಬಿಗಿತ ಇದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಉರಿಯೂತದ ಕೀಲು ಇದಕ್ಕೆ ತದ್ವಿರುದ್ಧ. ರಾತ್ರಿಯ ವಿಶ್ರಾಂತಿಯ ನಂತರ, ಅಥವಾ ಬಹಳ ಹೊತ್ತು ಕುಳಿತು ಎದ್ದ ಮೇಲೆ ಹೆಚ್ಚು ಬಿಗಿಯುತ್ತದೆ, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿತ ಉಳಿಯುತ್ತದೆ, ಓಡಾಡಿದಂತೆ ಹಗುರವಾಗುತ್ತದೆ. ಗಂಟನ್ನು ಮುಟ್ಟಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ: ಸವೆತದ ಉಬ್ಬು ಮೂಳೆಯಂತೆ ಗಟ್ಟಿ, ಉರಿಯೂತದ ಊತ ಮೆತ್ತಗೆ, ಒಮ್ಮೊಮ್ಮೆ ಬೆಚ್ಚಗೆ.

ಬೆನ್ನುನೋವಿನ ಬಗ್ಗೆ ಇಲ್ಲಿ ಯಾರೂ ಇನ್ನೂ ವಿವರವಾಗಿ ಹೇಳಿಲ್ಲ. ಸೋರಿಯಾಟಿಕ್ ಆರ್ಥ್ರೈಟಿಸ್ ಬೆನ್ನೆಲುಬನ್ನೂ, ಅದರ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲುಗಳನ್ನೂ ಹಿಡಿಯಬಲ್ಲದು. 40 ವರ್ಷಕ್ಕೆ ಮೊದಲು ನಿಧಾನವಾಗಿ ಆರಂಭವಾಗಿ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದ, ಪೃಷ್ಠದ ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಗುವ, ರಾತ್ರಿಯ ಉತ್ತರಾರ್ಧದಲ್ಲಿ ನಿದ್ದೆಯಿಂದ ಎಬ್ಬಿಸುವ, ಮಲಗಿದರೆ ಹೆಚ್ಚಾಗಿ ವ್ಯಾಯಾಮದಿಂದ ಕಡಿಮೆಯಾಗುವ ಬೆನ್ನುನೋವನ್ನು ಸೋರಿಯಾಸಿಸ್ ಇರುವವರು ಕುಳಿತು ಮಾಡುವ ಕೆಲಸದ ಫಲವೆಂದು ತಳ್ಳಿಹಾಕಬಾರದು.

ಕುಟುಂಬದ ಸದಸ್ಯರೊಬ್ಬರ ಪರವಾಗಿ ಬರೆಯುತ್ತಿರುವವರು

ನನ್ನ ತಂಗಿಗೆ ಮಣಿಕಟ್ಟು ಮತ್ತು ಬೆರಳುಗಳಲ್ಲಿ ಊತವಿದೆ. ಆದರೆ ಅವಳಿಗೆ ಸೋರಿಯಾಸಿಸ್ ಇಲ್ಲ. ನಮ್ಮ ತಂದೆಗೆ ಇತ್ತು. ಚರ್ಮದಲ್ಲಿ ಏನೂ ಇಲ್ಲದೆ ಈ ಕಾಯಿಲೆ ಬರಲು ಸಾಧ್ಯವೇ?

ಚರ್ಮರೋಗ ವಿಭಾಗದ ವೈದ್ಯೆ

ಸಾಧ್ಯ. ಒಂದು ಸಣ್ಣ ಪಾಲು ರೋಗಿಗಳಲ್ಲಿ ಕೀಲುಗಳ ತೊಂದರೆ ಚರ್ಮಕ್ಕಿಂತ ಮೊದಲೇ ಬರುತ್ತದೆ. ಇದಕ್ಕಿಂತ ಹೆಚ್ಚಾಗಿ ಕಾಣುವುದೆಂದರೆ, ಸೋರಿಯಾಸಿಸ್ ಇದ್ದೂ ಕಣ್ಣಿಗೆ ಬೀಳದಿರುವುದು. ಕಿವಿಯ ಹಿಂದೆ ಮತ್ತು ಕಿವಿಯೊಳಗೆ, ಕೂದಲಿನ ಅಂಚಿನಲ್ಲಿ, ಹೊಕ್ಕುಳಲ್ಲಿ, ಸ್ತನಗಳ ಕೆಳಗೆ, ಪೃಷ್ಠಗಳ ನಡುವೆ ಹುಡುಕಬೇಕು. ತಲೆಹೊಟ್ಟು ಎಂದುಕೊಂಡಿದ್ದು ಎಷ್ಟೋ ಸಲ ಸೋರಿಯಾಸಿಸ್ ಆಗಿರುತ್ತದೆ.

2006ರಲ್ಲಿ ಪ್ರಕಟವಾದ ಕಾಸ್ಪರ್ ಎಂಬ ಮಾನದಂಡದಲ್ಲಿ ಹತ್ತಿರದ ಸಂಬಂಧಿಕರಿಗೆ ಸೋರಿಯಾಸಿಸ್ ಇರುವುದಕ್ಕೂ ಒಂದು ಅಂಕವಿದೆ. ಅದರ ಪ್ರಕಾರ ಕೀಲು, ಬೆನ್ನೆಲುಬು ಅಥವಾ ಎಂಥೆಸಿಸ್‌ನಲ್ಲಿ ಉರಿಯೂತ ಇದ್ದವರಿಗೆ ಈಗ ಸೋರಿಯಾಸಿಸ್ ಇದ್ದರೆ ಎರಡು ಅಂಕ; ಈಗ ಇಲ್ಲದೆ ಹಿಂದೆ ಇದ್ದಿದ್ದರೆ ಅಥವಾ ಕುಟುಂಬದಲ್ಲಿದ್ದರೆ ಒಂದು; ಉಗುರಿನ ಬದಲಾವಣೆ, ಡ್ಯಾಕ್ಟಿಲೈಟಿಸ್, ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಇರುವುದು, ಕೀಲಿನ ಬಳಿ ಹೊಸ ಮೂಳೆ ಬೆಳೆದಿರುವುದು ಎಕ್ಸ್-ರೇಯಲ್ಲಿ ಕಾಣುವುದು, ಇವುಗಳಿಗೆ ತಲಾ ಒಂದು. ಮೂರು ಅಥವಾ ಹೆಚ್ಚು ಅಂಕ ಬಂದರೆ ಸೋರಿಯಾಟಿಕ್ ಆರ್ಥ್ರೈಟಿಸ್ ಎಂದು ವರ್ಗೀಕರಿಸುತ್ತಾರೆ. ಇದು ಮುಖ್ಯವಾಗಿ ಸಂಶೋಧನೆಗೆಂದು ರೂಪಿಸಿದ ಮಾನದಂಡವಾದ್ದರಿಂದ ಮನೆಯಲ್ಲಿ ಅಂಕ ಕೂಡಿಸಿ ತೀರ್ಮಾನಿಸುವುದು ಬೇಡ. ಆದರೆ ಇದರಲ್ಲಿ ಒಂದು ವಿಷಯವನ್ನು ಗಮನಿಸಿ: ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂದಿರುವುದು ಇಲ್ಲಿ ಕಾಯಿಲೆಯ ವಿರುದ್ಧದ ಸಾಕ್ಷಿಯಲ್ಲ, ಪರವಾದ ಸಾಕ್ಷಿ. ಚರ್ಚೆ ಆರಂಭಿಸಿದವರಿಗೆ ಯಾವ ವರದಿಯ ಆಧಾರದ ಮೇಲೆ ಸಂಧಿವಾತ ಇಲ್ಲವೆಂದು ಹೇಳಲಾಯಿತೋ ಅದೇ ವರದಿ ನನ್ನ ಅನುಮಾನವನ್ನು ಬಲಪಡಿಸುತ್ತದೆ.

ಸಿ.ಆರ್.ಪಿ. ಮತ್ತು ಉರಿಯೂತದ ಇನ್ನೊಂದು ರಕ್ತಪರೀಕ್ಷೆಯಾದ ಇ.ಎಸ್.ಆರ್. ಬಗ್ಗೆಯೂ ಇದೇ ಮಾತು. ಈ ಕಾಯಿಲೆ ಇರುವ ಸುಮಾರು ಅರ್ಧದಷ್ಟು ಜನರಲ್ಲಿ ಇವು ಸಹಜ ಮಟ್ಟದಲ್ಲೇ ಇರುತ್ತವೆ. ಈ ಕಾಯಿಲೆಯನ್ನು ಇದೆ ಅಥವಾ ಇಲ್ಲ ಎಂದು ಸಾರುವ ಒಂದೇ ಒಂದು ರಕ್ತಪರೀಕ್ಷೆ ಇಂದಿಗೂ ಇಲ್ಲ. ಯೂರಿಕ್ ಆಮ್ಲ ಹೆಚ್ಚಿದ್ದ ಮಾತ್ರಕ್ಕೆ ಗೌಟ್ (ಆ ಆಮ್ಲದ ಹರಳುಗಳಿಂದ ಬರುವ ಕೀಲುನೋವು) ಎನ್ನಲೂ ಆಗದು, ಏಕೆಂದರೆ ಸೋರಿಯಾಸಿಸ್ ಇರುವವರಲ್ಲಿ ಅದು ಹೆಚ್ಚಿರುವುದು ಅಪರೂಪವಲ್ಲ. ಗೌಟ್ ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟೆಗಳ ಲೆಕ್ಕದಲ್ಲಿ ಉಲ್ಬಣಿಸಿ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಊದಿಕೊಂಡೇ ಇರುವ ಬೆರಳಿನ ಕಥೆ ಬೇರೆ.

ಚರ್ಚೆ ಆರಂಭಿಸಿದವರು

ಇಷ್ಟು ವಿವರ ದೊರೆಯುತ್ತದೆ ಎಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಪಾದದ ಎಕ್ಸ್-ರೇ ಕೂಡ ಸರಿಯಾಗಿಯೇ ಇದೆ. ಹೀಗಿರುವಾಗ ಇನ್ನಷ್ಟು ದಿನ ಕಾದು ನೋಡಬಹುದೇ? ತಜ್ಞರ ಬಳಿ ಹೋದರೆ ಏನು ಹೇಳಬೇಕು?

ಚರ್ಮರೋಗ ವಿಭಾಗದ ವೈದ್ಯೆ

ಕಾಯಬೇಡಿ. ಎಕ್ಸ್-ರೇಯಲ್ಲಿ ಕಾಣುವುದು ಮೂಳೆಗೆ ಈಗಾಗಲೇ ಆಗಿರುವ ಹಾನಿ; ಆರಂಭದ ಹಂತದಲ್ಲಿ ಅದು ಸ್ವಚ್ಛವಾಗಿಯೇ ಇರುತ್ತದೆ, ಇರಲಿ ಎಂದೇ ನಮ್ಮ ಆಸೆ. ಸ್ನಾಯುರಜ್ಜು ಮತ್ತು ಕೀಲಿನ ಪೊರೆಯ ಉರಿಯೂತವನ್ನು ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ತೋರಿಸಬಲ್ಲವು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆರು ತಿಂಗಳು ತಡವಾಗಿ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಬಳಿ ಹೋದವರಲ್ಲಿಯೂ ಕೀಲಿನ ಸವಕಳಿ ಮತ್ತು ದೈನಂದಿನ ಕೆಲಸಗಳ ತೊಂದರೆ ಹೆಚ್ಚಾಗಿದ್ದುದು ಅಧ್ಯಯನದಲ್ಲಿ ಕಂಡುಬಂದಿದೆ. ಕರಗಿದ ಮೂಳೆಯನ್ನು ಯಾವ ಔಷಧಿಯೂ ಮೊದಲಿನಂತೆ ಮಾಡುವುದಿಲ್ಲ. ಆರಂಭದಲ್ಲೇ ಹಿಡಿದರೆ ಉರಿಯೂತವನ್ನು ತಡೆಯುವ ಒಳ್ಳೆಯ ಔಷಧಿಗಳು ಇಂದು ಅನೇಕವಿವೆ.

ಪೆಸ್ಟ್ ಎಂಬ ಚಿಕ್ಕ ಪ್ರಶ್ನಾವಳಿ ಇದೆ. ಎಂದಾದರೂ ಕೀಲು ಊದಿಕೊಂಡಿತ್ತೇ, ಸಂಧಿವಾತ ಇದೆ ಎಂದು ವೈದ್ಯರು ಎಂದಾದರೂ ಹೇಳಿದ್ದರೇ, ಉಗುರುಗಳಲ್ಲಿ ಗುಳಿಗಳಿವೆಯೇ, ಹಿಮ್ಮಡಿಯಲ್ಲಿ ನೋವಿತ್ತೇ, ಕಾರಣವಿಲ್ಲದೆ ಒಂದು ಬೆರಳು ಪೂರ್ತಿಯಾಗಿ ಊದಿ ನೋವಾಗಿತ್ತೇ ಎಂಬ ಐದೇ ಪ್ರಶ್ನೆಗಳು. ಮೂರು ಅಥವಾ ಹೆಚ್ಚು ಪ್ರಶ್ನೆಗಳಿಗೆ ಹೌದು ಎಂದಾದರೆ ರುಮಟಾಲಜಿಸ್ಟ್ ಅವರನ್ನು ಕಾಣಬೇಕು. ನೀವು ಬರೆದಿರುವುದರಲ್ಲೇ ಮೂರು ಹೌದುಗಳಿವೆ. ಕೀಲುಗಳ ತೊಂದರೆ ಏನೂ ಇಲ್ಲದ ಸೋರಿಯಾಸಿಸ್ ರೋಗಿಗಳೂ ವರ್ಷಕ್ಕೊಮ್ಮೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬೆನ್ನಿನ ಬಗ್ಗೆ ಇದರಲ್ಲಿ ಪ್ರಶ್ನೆಯಿಲ್ಲ. ಬೆನ್ನುನೋವಿದ್ದರೆ ನೀವಾಗಿಯೇ ಹೇಳಿ.

ಹಳೆಯ ಸದಸ್ಯರು

ಏನು ಹೇಳಬೇಕು ಎಂಬುದಕ್ಕೆ ನನ್ನ ಅನುಭವದಿಂದ ಸ್ವಲ್ಪ ಸೇರಿಸುತ್ತೇನೆ. ಊತ ಬಂದು ಹೋಗುವ ಸ್ವಭಾವದ್ದು. ವೈದ್ಯರನ್ನು ಕಾಣುವ ದಿನ ಬೆರಳು ಚೆನ್ನಾಗಿಯೇ ಇರಬಹುದು. ಆದ್ದರಿಂದ ಊದಿದಾಗಲೇ ಎರಡೂ ಪಾದಗಳನ್ನು ಅಕ್ಕಪಕ್ಕ ಇಟ್ಟು, ದಿನಾಂಕ ತಿಳಿಯುವಂತೆ ಫೋಟೋ ತೆಗೆದಿಡಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಬರೆದಿಡಿ. ಸುಸ್ತು ವಿಪರೀತವಾಗಿದ್ದರೆ ಅದನ್ನೂ ಹೇಳಿ, ಏಕೆಂದರೆ ಅದು ಕಾಯಿಲೆಯ ಭಾಗವೇ ಆಗಿರಬಹುದು. ಸಮಾಲೋಚನೆಯ ಮೊದಲ ವಾಕ್ಯದಲ್ಲೇ ‘ನನಗೆ ಸೋರಿಯಾಸಿಸ್ ಇದೆ’ ಎಂದು ಹೇಳಿಬಿಡಿ. ಬಟ್ಟೆಯೊಳಗೆ ಮುಚ್ಚಿಕೊಂಡ ಮಚ್ಚೆಗಳನ್ನು ತೋರಿಸಲು ಸಂಕೋಚವಾಗುವುದು ಸಹಜ, ಆದರೂ ತೋರಿಸಿ.

ಹೊಸ ಸದಸ್ಯರು

ಪರಿಚಯದವರೊಬ್ಬರು ಇಂತಹ ನೋವಿಗೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡು ಎರಡೇ ದಿನಗಳಲ್ಲಿ ಹಗುರವಾಯಿತು ಎಂದರು. ತಜ್ಞರನ್ನು ಕಾಣುವವರೆಗೆ ಅದನ್ನು ತೆಗೆದುಕೊಳ್ಳಬಹುದೇ?

ಚರ್ಮರೋಗ ವಿಭಾಗದ ವೈದ್ಯೆ

ದಯವಿಟ್ಟು ಬೇಡ. ಸ್ಟೀರಾಯ್ಡ್ ಮಾತ್ರೆಯಿಂದ ಊತ ಬೇಗ ಇಳಿಯುತ್ತದೆ ನಿಜ, ಆದರೆ ಅದನ್ನು ನಿಲ್ಲಿಸಿದಾಗ ಸೋರಿಯಾಸಿಸ್ ಭೀಕರವಾಗಿ ಉಲ್ಬಣಿಸಬಹುದು, ಮೈಯೆಲ್ಲ ಕೀವುಗುಳ್ಳೆಗಳಾಗುವ ಅಪಾಯಕಾರಿ ರೂಪಕ್ಕೂ ತಿರುಗಬಹುದು. ಇನ್ನೊಬ್ಬರಿಗೆ ಬರೆದುಕೊಟ್ಟ ಮೆಥೊಟ್ರೆಕ್ಸೇಟ್ ಎಂಬ ಪ್ರಬಲ ಔಷಧಿಯನ್ನು ನೋಡಿ ತಾವೂ ನುಂಗುವುದು ಇನ್ನೂ ಅಪಾಯಕಾರಿ. ಈ ಕಾಯಿಲೆಗೆ ಅದನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಪ್ರತಿದಿನ ತೆಗೆದುಕೊಂಡು ಜೀವಕ್ಕೇ ಎರವಾದ ಪ್ರಸಂಗಗಳಿವೆ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್‌ನಂತಹ ನೋವುನಿವಾರಕಗಳನ್ನು ಸಹ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಅಥವಾ ಹೃದ್ರೋಗ ಇರುವವರು ಕೇಳದೆ ನುಂಗಬಾರದು. ಅವನ್ನು ತೆಗೆದುಕೊಂಡಿದ್ದರೆ ತಪಾಸಣೆಯ ದಿನ ವೈದ್ಯರಿಗೆ ತಿಳಿಸಿ, ಏಕೆಂದರೆ ಇರಬೇಕಾದ ಊತವೂ ಬಿಗಿತವೂ ಅವುಗಳಿಂದ ಮರೆಯಾಗಿರಬಹುದು.

ತಜ್ಞರ ದಿನಾಂಕ ದೂರವಿದ್ದರೂ ಎರಡು ಸಂದರ್ಭಗಳಲ್ಲಿ ಅದಕ್ಕಾಗಿ ಕಾಯುವಂತಿಲ್ಲ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕನ್ನು ನೋಡಲಾಗದಂತಾದರೆ ಅದು ಯೂವಿಯೈಟಿಸ್ ಇರಬಹುದು. ಇದೇ ಕಾಯಿಲೆಯ ಜೊತೆಗೆ ಬರುವ ಕಣ್ಣಿನ ಉರಿಯೂತವಾದ್ದರಿಂದ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಒಂದೇ ಕೀಲು ಇದ್ದಕ್ಕಿದ್ದಂತೆ ಸುಡುವಷ್ಟು ಬಿಸಿಯಾಗಿ, ಮುಟ್ಟಲೂ ಆಗದಷ್ಟು ನೋವಾಗಿ, ಜೊತೆಗೆ ಜ್ವರ ಬಂದರೆ ಕೀಲಿನೊಳಗೆ ಸೋಂಕಾಗಿರುವ ಸಾಧ್ಯತೆ ಇದೆ. ಸೋರಿಯಾಸಿಸ್‌ನದ್ದೇ ಇರಬೇಕೆಂದು ಮನೆಯಲ್ಲಿ ಉಳಿಯದೆ ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.